ಕೋಡಿಯ ಕೆಳಗಿನ ಕೊನ್ನಾರಿ

ದೇವರಾಯಸಮುದ್ರದ ಕೆರೆ ಕೋಡಿಬಿದ್ದು ಹರಿಯುವ ಕಡೆ ಆಗ ಆಳೆತ್ತರದ ಕೇದಿಗೆ ಮೆಳೆ ಇತ್ತು. ಗಂಡ ಸತ್ತ ಮೇಲೆ ಜೈನಾಬ್ ಆ ಮೆಳೆಯನ್ನೇ ನಂಬಿ ಬದುಕಿದವಳು. ಹೂವು ಕೊಯ್ದು ಮುಳಬಾಗಿಲ ಪೇಟೆಯಲ್ಲಿ ಮಾರುವಳು, ಗರಿ ಸೀಳಿ ಚಾಪೆ ಹೆಣೆಯುವಳು. ಮುಳ್ಳು ಗೀರದ ಹಾಗೆ ಒಳಗೆ ನುಸುಳುವುದನ್ನು ಮಗಳು ದಿಲ್ಷಾದಳಿಗೂ ಕಲಿಸಿದ್ದಳು.

ಪಕ್ಕದ ಹೊಲದ ಕೋದಂಡರಾಮಪ್ಪನಿಗೆ ಆ ತೇವದ ನೆಲದ ಮೇಲೆ ಕಣ್ಣು. ಯುದ್ಧ ಶುರುವಾಗಿ ಆಲೂಗಡ್ಡೆಗೆ ಬೆಲೆ ಬಂದಿದ್ದ ಬೇಸಿಗೆಯಲ್ಲಿ ಅವನು ಮೆಳೆಗೆ ಬೆಂಕಿ ಇಟ್ಟ. ದಿಲ್ಷಾದ್ ಗರಿ ಕೊಯ್ಯಲು ಒಳಗೆ ಹೋಗಿದ್ದಳು.

"ಒಳಗೆ ನನ್ನ ಮಗಳವ್ಳೆ ಸಾಮಿ!" ಎಂದು ಜೈನಾಬ್ ಏರಿಯ ಮೇಲಿಂದ ಕೂಗುತ್ತ ಓಡಿ ಬಂದಳು. ಅವನು ಕೇಳಿಸಿಕೊಂಡ. ಕೇಳಿಸಿಕೊಂಡೂ ಪಂಜನ್ನು ಮೆಳೆಯ ಇನ್ನೊಂದು ಮಗ್ಗುಲಿಗೆ ಹಿಡಿದ. ದಿಲ್ಷಾದ್ ಹೇಗೋ ಹೊರಬಿದ್ದಳು. ಆದರೆ ಎಡಗೆನ್ನೆ, ಕತ್ತು, ಕೈ ಬೆಂದುಹೋಗಿದ್ದವು.

ನ್ಯಾಯ ಸೇರಿದಾಗ ಅವನು, "ಹಾವಿನ ಕಾಟಕ್ಕೆ ಸುಟ್ಟೆ. ಅದರೊಳಗೆ ಹೋಗು ಅಂದೋರ್ಯಾರು?" ಎಂದ. ಹಿರಿಯರು ಟವೆಲು ಕೊಡವಿಕೊಂಡು ಎದ್ದುಹೋದರು.

ಜೈನಾಬ್ ಅಳಲಿಲ್ಲ. ಮುಂದಿನ ಮಳೆಗೆ, ಮೆಳೆ ಸುಟ್ಟ ಜಾಗದಲ್ಲಿ ಆಲೂಗಡ್ಡೆ ಹಾಕಿದ್ದ ಅವನ ಹೊಸ ಹೊಲಕ್ಕೇ ಕಳೆ ಕೀಳುವ ಕೂಲಿಗೆ ಹೋದಳು. "ನಾಚಿಕೆ ಇಲ್ವೇನೇ ನಿಂಗೆ?" ಎಂದು ಊರ ಹೆಂಗಸರು ಉಗಿದರು. ಅವಳ ಮಡಿಲಲ್ಲಿ ಕೆರೆಯಂಗಳದಿಂದ ಅಗೆದು ತಂದ ಕೊನ್ನಾರಿ ಎಂಬ ಕಳೆಹುಲ್ಲಿನ ಗೆಡ್ಡೆಗಳಿದ್ದವು. ಒಂದು ಕೈ ಕಳೆ ಕಿತ್ತರೆ ಇನ್ನೊಂದರ ಹೆಬ್ಬೆರಳು ಗೆಡ್ಡೆಯನ್ನು ಮಣ್ಣಿಗೆ ಒತ್ತುತ್ತಿತ್ತು. ಒತ್ತಿದಾಗಲೆಲ್ಲ ಹೊಟ್ಟೆಯ ಉರಿ ಒಂದಿಷ್ಟು ತಣಿಯುತ್ತಿತ್ತು.

ಕೊನ್ನಾರಿ ಹುಲ್ಲು ಕಿತ್ತರೆ ಗೆಡ್ಡೆ ಒಳಗೇ ಉಳಿಯುತ್ತದೆ. ಉತ್ತರೆ ಹೊಲವೆಲ್ಲ ಹರಡುತ್ತದೆ. ಕೋದಂಡರಾಮಪ್ಪ ಉತ್ತ, ಹಟ ಹಿಡಿದು ಮತ್ತೂ ಉತ್ತ. ಕೆಲವು ವರ್ಷಗಳಲ್ಲಿ ಹೊಲದ ತುಂಬ ಅದೇ. ಕೊನೆಗೊಮ್ಮೆ ಅಗೆದಾಗ, ಹುಲ್ಲಿನ ಚೂಪು ಮೊಳಕೆ ಆಲೂಗಡ್ಡೆಗಳನ್ನೇ ತೂರಿಕೊಂಡು ಆಚೆ ಬಂದಿತ್ತು.

"ಎಲ್ಲಿಂದ ಬಂತೇ ಜೈನಾಬಿ, ಈ ಶನಿ?" ಎಂದು ಅವನು ಬದುವಿನ ಮೇಲೆ ಕುಸಿದು ಕೂತ.

"ನಾನೇ ಹಾಕ್ದೆ. ನನ್ನ ಕೈಯಾರೆ." ಈ ಸಲ ಅವಳು ಸಾಮಿ ಎನ್ನಲಿಲ್ಲ. "ಹೋಗು, ನ್ಯಾಯ ಸೇರ್ಸು."

ಅವನು ಕುಡುಗೋಲು ಎತ್ತಿದ. ಜೈನಾಬ್ ಕದಲಲಿಲ್ಲ. ಕೂಲಿ ಹೆಂಗಸರು ಒಬ್ಬೊಬ್ಬರಾಗಿ ಎದ್ದು ಅವಳ ಹಿಂದೆ ನಿಂತರು. ಕೈ ಇಳಿಯಿತು. ಕೆರೆಯ ನೆಲ ಒತ್ತುವರಿ ಮಾಡಿಕೊಂಡವನು ಯಾವ ಕಚೇರಿಗೆ ಹೋಗಿ ದೂರು ಕೊಟ್ಟಾನು? ಮರುವರ್ಷ ಅವನು ಅಲ್ಲಿ ನೇಗಿಲು ಹೂಡಲಿಲ್ಲ.

"ಇನ್ನಾದ್ರೂ ಸಾಕು ಮಾಡಮ್ಮಾ," ಎಂದಳು ದಿಲ್ಷಾದ್. "ಪಕ್ಕದ ಮುನಿಶಾಮಣ್ಣನ ಹೊಲಕ್ಕೂ ಹರಡೈತೆ. ಪಾಪ, ಅವನೇನು ಮಾಡಿದ್ದ?"

ಆ ಮಾತು ಜೈನಾಬಳಿಗೆ ನಾಟಿತು. ಬದುಕಿರುವವರೆಗೂ ಅವಳು ಮುನಿಶಾಮಿಯ ಹೊಲದಲ್ಲಿ ಕೂಲಿಯಿಲ್ಲದೆ ಕೊನ್ನಾರಿ ಅಗೆದಳು. ಅಗೆದ ಗೆಡ್ಡೆಗಳನ್ನೆಲ್ಲ ಮಡಿಲಿಗೆ ಹಾಕಿಕೊಂಡು ಹೋಗಿ ಕೋದಂಡರಾಮಪ್ಪ ಇನ್ನೂ ಉಳುತ್ತಿದ್ದ ಮೇಲಿನ ಹೊಲಕ್ಕೆ ಎಸೆದಳು.