ಫ್ರಿಜ್ಜಿನಲ್ಲಿಟ್ಟ ಬ್ಯಾಟರಿ ನೀರು

ಮನೆಗೆ ಹೊಸದಾಗಿ ಬಂದ ಫ್ರಿಜ್ಜನ್ನು ಅಡುಗೆಮನೆಯಲ್ಲಿಡದೆ ನಡುಮನೆಯಲ್ಲಿ, ಬೀದಿಯಲ್ಲಿ ಹೋಗುವವರಿಗೂ ಕಾಣುವಂತೆ ಪ್ರತಿಷ್ಠಾಪಿಸುವುದು ಎಂಬತ್ತರ ದಶಕದ ಚಿಕ್ಕಬಳ್ಳಾಪುರದಲ್ಲಿ ಒಂದು ಶಿಷ್ಟಾಚಾರವಾಗಿತ್ತು. ನಮ್ಮ ವಂಶದಲ್ಲಿ ಮೊದಲ ಪದವೀಧರ ನಾನು. ಮೊದಲ ಫ್ರಿಜ್ಜೂ ನನ್ನದೇ. ಪದವಿ ಪತ್ರಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೆ. ಅದರ ಕೆಳಗೇ ಫ್ರಿಜ್ಜನ್ನಿಟ್ಟು ತಲೆಗೊಂದು ಕಸೂತಿ ಬಟ್ಟೆ ಹೊದಿಸಿದ್ದೆ. ಬಂದವರು ಎರಡನ್ನೂ ನೋಡುತ್ತಿದ್ದರು, ಮೆಚ್ಚುತ್ತಿದ್ದುದು ಮಾತ್ರ ಒಂದನ್ನೇ. ಅದು ಯಾವುದೆಂದು ನೀವೇ ಊಹಿಸಿ.

ಬಾಗಿಲು ತೆರೆದರೆ ಒಳಗೆ ದೀಪ ಹತ್ತುತ್ತದಲ್ಲ, ಅದನ್ನು ನೋಡುವುದಕ್ಕೇ ಜನ ಬರುತ್ತಿದ್ದರು. ಎದುರುಮನೆಯ ರೇಷ್ಮೆ ವ್ಯಾಪಾರದ ಸಾಬರ ಮನೆಯಾಕೆ ಖೀರಿನ ಬಟ್ಟಲು ತಂದಿಡುತ್ತಿದ್ದರು. ಪಕ್ಕದವರು ದೋಸೆ ಹಿಟ್ಟು, ಅದರಾಚೆಯವರು ಒಂದು ಮೊಳ ಮಲ್ಲಿಗೆ. ಇಂಥ ಸಾರ್ವಜನಿಕ ಸಂಸ್ಥೆಯೊಳಗೆ ನಾನು ನನ್ನ ಖಾಸಗಿ ವೋಡ್ಕಾ ಸೀಸೆಯನ್ನು ಇಡುತ್ತಿದ್ದೆನೆಂದರೆ ನನ್ನ ಧೈರ್ಯವನ್ನು ತಾವು ಮೆಚ್ಚಲೇಬೇಕು.

ವೋಡ್ಕಾವೇ ಯಾಕೆಂದರೆ, ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಶಿಡ್ಲಘಟ್ಟದ ಕಾಲೇಜಿನಲ್ಲಿ ನನ್ನ ಜೊತೆ ಪಾಠ ಹೇಳುತ್ತಿದ್ದ ವಿದ್ವಾಂಸರು ಬೇರೆ ಯಾವ ವಿಷಯದಲ್ಲೂ ಒಮ್ಮತಕ್ಕೆ ಬಾರದಿದ್ದರೂ ಈ ಒಂದರಲ್ಲಿ ಬಂದಿದ್ದರು. ದಿವಂಗತರಾದ ನಮ್ಮಪ್ಪ ಕುಡಿಯುತ್ತಿದ್ದುದು ಸಾರಾಯಿ. ನಮ್ಮ ಹಳ್ಳಿ ಕಳವಾರದಲ್ಲಿ ಬೀದಿಯ ಆ ತುದಿಯಲ್ಲಿ ಅವರು ತಿರುಗಿದರೆ ಈ ತುದಿಯ ನಾಯಿಗೂ ಗೊತ್ತಾಗುತ್ತಿತ್ತು. ಪಾಪ, ಕುಡಿದದ್ದನ್ನು ಮುಚ್ಚಿಡುವ ವಿದ್ಯೆ ಅವರಿಗೆ ಯಾರೂ ಕಲಿಸಿರಲಿಲ್ಲ. ಅಮ್ಮ ಕಂಡವರ ತೋಟದಲ್ಲಿ ಆಲೂಗಡ್ಡೆ ಅಗೆದು ನನ್ನನ್ನು ಓದಿಸಿದ್ದರ ಫಲವಾಗಿ ನಾನು ಸ್ಟೀಲು ಲೋಟದಲ್ಲಿ ನಿಂಬೆರಸ ಹಿಂಡಿಕೊಂಡು, ಅಡುಗೆಮನೆಯ ಮಣೆಯ ಮೇಲೆ, ಮುದ್ದೆ ತೊಳಸುತ್ತಿದ್ದ ಅದೇ ಅಮ್ಮನ ಎದುರೇ ಕೂತು ಕುಡಿಯುವಷ್ಟು ಸುಸಂಸ್ಕೃತನಾಗಿದ್ದೆ. ಆ ಮಣೆಯೇ ನಮ್ಮ ಮನೆಯ ಬಾರು. ಹುರಿದ ಕಡಲೆಬೀಜ ತಂದುಕೊಡುತ್ತಿದ್ದವಳೂ ಅಮ್ಮನೇ.

ಸೀಸೆಯಲ್ಲಿರುವುದೇನೆಂದು ಆಕೆ ಮೊದಲ ದಿನವೇ ಕೇಳಿದ್ದಳು. “ಸ್ಕೂಟರ್ ಬ್ಯಾಟರಿಗೆ ಹಾಕೋ ನೀರಮ್ಮ, ತಣ್ಣಗಿರಬೇಕು” ಅಂದಿದ್ದೆ. ಓದಿದ ಮಗ ಹೇಳಿದ ಮೇಲೆ ಮುಗಿಯಿತು. “ಅದೊಂದು ಮುಟ್ಟಬ್ಯಾಡ್ರಮ್ಮ, ನಮ್ಮ ಹುಡುಗನ ಗಾಡಿದು” ಎಂದು ನೆರೆಯವರ ಬಟ್ಟಲುಗಳಿಂದ ಅದನ್ನು ಕಾಪಾಡುತ್ತಿದ್ದಳು. ಒಮ್ಮೆ ಮಾತ್ರ, “ಏನಪ್ಪಾ, ಗಾಡಿ ಮನೇಲೇ ನಿಂತೈತೆ, ನೀರು ಮಾತ್ರ ಇಳೀತಾನೇ ಐತಲ್ಲ?” ಅಂದಳು.

“ಆವಿ ಆಗುತ್ತಮ್ಮ.”

ಮೂಲೆಯಲ್ಲಿ ಓದುತ್ತಿದ್ದ ತಂಗಿ ಸರೋಜ ಪುಸ್ತಕದಿಂದ ತಲೆ ಎತ್ತದೆ, “ಭಾನುವಾರ ಜಾಸ್ತಿ ಆವಿ ಆಗುತ್ತೆ ಅಲ್ವಾ ಅಣ್ಣ?” ಅಂದಳು. ಹೆಣ್ಣುಮಕ್ಕಳನ್ನು ಓದಿಸಿದರೆ ಇದೇ ತಾಪತ್ರಯ.

ಆ ಸರೋಜಳನ್ನು ನೋಡಲು ಚಿಂತಾಮಣಿಯಿಂದ ಒಂದು ಸಂಬಂಧ ಬಂತು. ಹುಡುಗ ಸರ್ಕಾರಿ ನೌಕರ, ಮಿತಭಾಷಿ. ಅವನ ತಂದೆ ತಾಲ್ಲೂಕು ಕಚೇರಿಯಿಂದ ನಿವೃತ್ತರಾದವರು. ಹಣೆ ತುಂಬ ವಿಭೂತಿ, “ನಮ್ಮ ಮನೇಲಿ ಯಾವ ಚಟಾನೂ ಇಲ್ಲ” ಎಂಬುದೇ ಅವರ ಮೊದಲ ಮಾತು. ತಾಯಿ ಚಾಪೆಯ ಅಂಚಿನಲ್ಲಿ ಕೂತಿದ್ದರು. ಇಂಥ ಮನೆ ಸಿಕ್ಕರೆ ತಂಗಿಯ ಬಾಳು ಬೆಳಗಿತು, ನನ್ನ ಭಾರವೂ ಇಳಿಯಿತು ಎಂದು ಲೆಕ್ಕ ಹಾಕುತ್ತ ಕೂತವನು ಸೀಸೆಯನ್ನು ಎತ್ತಿಡಲು ಮರೆತಿದ್ದೆ. ಕೇಸರಿಬಾತು ಮುಗಿಸಿದ ಹಿರಿಯರು ಎದ್ದು, ಎಲ್ಲ ಅತಿಥಿಗಳಂತೆಯೇ ಫ್ರಿಜ್ಜಿನ ಬಾಗಿಲು ತೆರೆದರು. ದೀಪ ಹತ್ತಿತು. ಬಾಗಿಲ ಒಳಬದಿಯಲ್ಲಿ, ಹಾಲಿನ ಪಕ್ಕ, ಸೀಸೆ ಮಿಂಚಿತು.

“ಅದು ಬ್ಯಾಟರಿ ನೀರು ಸ್ವಾಮಿ” ಅಂದಳು ಅಮ್ಮ, ಭಕ್ತಿಯಿಂದ.

ಅವರು ಸೀಸೆ ಎತ್ತಿ ಚೀಟಿ ಓದಿದರು, ನನ್ನ ಮುಖ ನೋಡಿದರು. ಆಮೇಲೆ ಅವರು ಪಾಠ ಹೇಳುವ ದನಿಯಲ್ಲಿ, “ಇದನ್ನ ಬಾಗಿಲಲ್ಲಿ ಇಡಬಾರದಮ್ಮ. ಮೇಲೆ ಐಸಿನ ಪೆಟ್ಟಿಗೇಲಿ ಮಲಗಿಸಬೇಕು. ಎಷ್ಟು ದಿನ ಇಟ್ರೂ ಗಡ್ಡೆ ಕಟ್ಟಲ್ಲ, ಹರಳೆಣ್ಣೆ ಥರ ಮಂದ ಆಗುತ್ತೆ. ನಮ್ಮನೇಲಿ ಬ್ಯಾಟರಿ ನೀರು ಅಲ್ಲೇ ಇರೋದು” ಅಂದರು.

“ಇವರ ಹತ್ರ ಗಾಡಿನೇ ಇಲ್ಲ” ಎಂದರು ಅವರ ಹೆಂಡತಿ, ಚಾಪೆಯ ಕಡ್ಡಿ ಕೀಳುತ್ತಾ. “ಫ್ರಿಜ್ಜಿನ ಬೀಗದ ಕೈ ಮಾತ್ರ ಇವರ ಜೇಬಲ್ಲೇ ಇರುತ್ತೆ.”

ಹಿರಿಯರು ನಕ್ಕರು, ನಾನೂ ನಕ್ಕೆ. ವರದಕ್ಷಿಣೆಯ ಮಾತೇ ಏಳಲಿಲ್ಲ. ಎರಡು ಮನೆತನಗಳನ್ನು ಇಷ್ಟು ಬೇಗ ಬೆಸೆಯುವ ದ್ರವ ಜಗತ್ತಿನಲ್ಲಿ ಇನ್ನೊಂದಿದೆಯೇ ಎಂದು ನಾನು ಹಿಗ್ಗುತ್ತಿರುವಾಗಲೇ, ಅವರು ಬಸ್ಸು ಹತ್ತಿದ ಅರ್ಧ ಗಂಟೆಗೆ, ಸರೋಜ “ನಂಗೆ ಬೇಡ” ಅಂದಳು.

“ಯಾಕಮ್ಮಾ? ನಾನೂ ಆಗಾಗ ಒಂದಿಷ್ಟು ತಗೋತೀನಿ, ಕೆಟ್ಟು ಹೋದೆನಾ?”

“ಕುಡಿಯೋದಕ್ಕಲ್ಲ ಕಣಣ್ಣ. ನೀನು ಅಮ್ಮನಿಗೆ ಹೇಳಿದ ಸುಳ್ಳನ್ನ ಅವರು ಎಷ್ಟು ಸಲೀಸಾಗಿ ಎತ್ಕೊಂಡ್ರು ನೋಡಿದ್ಯಾ? ಅವರ ಹೆಂಡ್ತಿ ಮುಂದೇನೇ. ನೀವಿಬ್ರೂ ನಕ್ಕಿದ್ದು ಯಾರನ್ನ ನೋಡಿ?”

ನಾನು ಅಮ್ಮನ ಬೆಂಬಲಕ್ಕಾಗಿ ತಿರುಗಿದೆ. ಅಮ್ಮ ಫ್ರಿಜ್ಜಿನ ಮೇಲಿನ ಬಟ್ಟೆ ಸರಿಮಾಡುತ್ತಿದ್ದಳು. “ನಿಮ್ಮಪ್ಪ ಕುಡ್ದು ಬಂದಾಗ ಬೀದಿಗೆಲ್ಲ ನಾತ ಬರ್ತಿತ್ತು. ಬೀದಿಯೋರೆಲ್ಲ ನನ್ನ ಕಡೆ ನಿಂತ್ಕೊಳ್ಳೋರು. ಆ ಹೆಂಗಸಿನ ಕಡೆ ಯಾರಪ್ಪಾ ನಿಂತ್ಕೋತಾರೆ? ವಾಸನೇನೇ ಬರಲ್ವಲ್ಲ” ಅಂದಳು. ಇಷ್ಟು ದಿನ ಕಡಲೆಬೀಜ ತಂದಿಟ್ಟವಳಿಗೆ ಏನೇನು ಗೊತ್ತಿತ್ತೆಂದು ಕೇಳುವ ಧೈರ್ಯ ಈ ಪದವೀಧರನಿಗೆ ಬರಲಿಲ್ಲ.

ಬೇಡವೆನ್ನಲು ನಾನೇ ಚಿಂತಾಮಣಿಗೆ ಹೋದೆ. ದಾರಿಯುದ್ದಕ್ಕೂ ನಿಜ ಹೇಳುವುದನ್ನು ಅಭ್ಯಾಸ ಮಾಡಿಕೊಂಡು ಹೋದವನು, ಅವರೆದುರು ಕೂತ ಮೇಲೆ “ಜಾತಕ ಕೂಡಲಿಲ್ಲ” ಎಂದೆ. ಹಿರಿಯರು ದೈವೇಚ್ಛೆ ಎಂದು ಕೈ ಮುಗಿದರು. ಅವರ ಹೆಂಡತಿ ಗೇಟಿನವರೆಗೆ ಬಂದು, ಎಲೆ ಅಡಿಕೆ, ಕುಂಕುಮದ ಪೊಟ್ಟಣವೊಂದನ್ನು ನನ್ನ ಕೈಗಿಟ್ಟರು.

“ಜಾತಕ ನಾನೇ ತೋರ್ಸಿದ್ದೆ ಕಣಪ್ಪ, ಚೆನ್ನಾಗೇ ಕೂಡಿತ್ತು. ಬೇಡ ಅಂದಿದ್ದು ಹುಡುಗಿ ತಾನೆ?”

ಅವರು ಒಮ್ಮೆ ಮನೆಯ ಕಡೆ ತಿರುಗಿ ನೋಡಿ, ದನಿ ತಗ್ಗಿಸಿದರು.

“ಒಳ್ಳೇದು ಮಾಡಿದ್ಲು. ನಾನು ಹೇಳ್ದೆ ಅಂತ ಹೇಳು.”