ಬಳೆಗಾರ್ತಿ ಉಳಿಸಿದ ಬೆರಳು

ಆಲಮೇಲದಿಂದ ಸಿಂದಗಿಗೆ ಹೊರಟಿದ್ದ ಬಸ್ಸಿನ ಬಾಗಿಲು ನನ್ನ ಉಂಗುರಬೆರಳಿನ ತುದಿಯ ಮೇಲೆಯೇ ಧಡ್ ಎಂದು ಬಡಿಯಿತು. ಉಗುರು ಕಪ್ಪಾಗಿ, ನೋಡನೋಡುತ್ತಲೇ ಬೆರಳು ಊದತೊಡಗಿತು. ಪಕ್ಕದ ಸೀಟಿನಲ್ಲಿ ಬಳೆಗಳ ಬುಟ್ಟಿ ಹಿಡಿದು ಕುಳಿತಿದ್ದ ಹಿರಿಯ ಮುಸ್ಲಿಂ ಹೆಂಗಸು ತಟ್ಟನೆ ನನ್ನ ಕೈ ಹಿಡಿದುಕೊಂಡರು.

“ಅಕ್ಕಾರ, ಮೊದಲ ಉಂಗುರ ತಗೀಬೇಕ್ರಿ. ಬಾವು ಇಲ್ಲೀತನಕ ಬಂತಂದ್ರ ಬೆರಳಿಗೆ ರಕ್ತ ಹೋಗಂಗಿಲ್ಲ.”

ಮದುವೆಯಾದಾಗಿನಿಂದ ತೆಗೆಯದ ಉಂಗುರ ಅದು. ದವಾಖಾನೆಯಲ್ಲೇ ತೆಗೆಸುತ್ತೇನೆ ಎಂದು ಕೈ ಎಳೆದುಕೊಂಡೆ. ಅವರು ಬಿಡಲಿಲ್ಲ. ಬಳೆ ಕಟ್ಟಿದ್ದ ದಾರ ಬಿಚ್ಚಿ, ಅದರ ಒಂದು ತುದಿಯನ್ನು ಉಂಗುರದೊಳಗಿಂದ ಅಂಗೈ ಕಡೆಗೆ ತೂರಿಸಿದರು. ಉಳಿದ ದಾರವನ್ನು ಬೆರಳಿನ ನಡುಗಂಟು ದಾಟುವವರೆಗೆ ಒತ್ತೊತ್ತಾಗಿ ಸುತ್ತಿದರು. ಆಮೇಲೆ ತೂರಿಸಿದ ತುದಿ ಹಿಡಿದು ಬಿಚ್ಚುತ್ತ ಹೋದಂತೆ, ಉಂಗುರ ಸುತ್ತಿನ ಮೇಲೆ ಸರಿಯುತ್ತ ಬಂದು ಅವರ ಅಂಗೈಗೆ ಬಿತ್ತು. ನೋವಿಗೆ ನಾನು ಅಳುತ್ತಿದ್ದೆ. ಅವರು ಉಂಗುರವನ್ನು ನನ್ನ ಸೆರಗಿನ ತುದಿಗೆ ಕಟ್ಟಿ, ಬೆರಳನ್ನು ಎತ್ತಿ ಹಿಡಿದೇ ಸಿಂದಗಿಯವರೆಗೆ ಕುಳಿತರು.

ಎಕ್ಸ್‌ರೇಯಲ್ಲಿ ಬೆರಳ ತುದಿಯ ಪುಟ್ಟ ಎಲುಬು ಮೂರು ಚೂರಾಗಿತ್ತು. ಪಟ್ಟಿ ಕಟ್ಟಿದ ವೈದ್ಯರು, ಎಲುಬು ಕೂಡುತ್ತದೆ, ಆದರೆ ಉಂಗುರ ಇದ್ದಿದ್ದರೆ ಬೆರಳೇ ಉಳಿಯುವುದು ಕಷ್ಟವಿತ್ತು ಎಂದರು.

ಹೊಸ ಉಗುರು ಬಂದ ಮೇಲೆ ಆಲಮೇಲದ ಸಂತೆಗೆ ಅವರನ್ನು ಹುಡುಕಿಕೊಂಡು ಹೋದೆ. ಬಳೆ ಇಡಿಸಿಕೊಳ್ಳಲು ಕೈ ಚಾಚಿದಾಗ ಮುಖಕ್ಕಿಂತ ಮೊದಲು ಬೆರಳನ್ನೇ ಗುರುತು ಹಿಡಿದು, “ಮಡಚ್ರಿ, ನೋಡೋಣು” ಎಂದರು. ಮಡಚಿದೆ. ಅವರ ಮುಖ ಅರಳಿತು. ನಾನು ಅವರ ಕೈಯನ್ನು ಕಣ್ಣಿಗೊತ್ತಿಕೊಂಡೆ.