ಕಾಫಿ ಡಬ್ಬಿ ಸುಲಿಯುವ ಚಮಚದಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಕಚೇರಿಯ ಅಡುಗೆಕೋಣೆಯಲ್ಲಿ ಒಬ್ಬಾಕೆ ಮೋಟು ಸ್ಟೂಲಿನ ಮೇಲೆ ಕೂತು, ಬಟಾಣಿ ಸುಲಿದಷ್ಟು ಸಲೀಸಾಗಿ ಕಾಫಿ ಕ್ಯಾಪ್ಸೂಲ್ ಸುಲಿಯುತ್ತಿದ್ದಾರೆ. ಹೆಬ್ಬೆರಳ ಗಾತ್ರದ ಅಲ್ಯೂಮಿನಿಯಂ ಡಬ್ಬಿ ಅದು. ಯಂತ್ರಕ್ಕೆ ಹಾಕಿ ಗುಂಡಿ ಒತ್ತಿದರೆ ಒಬ್ಬರಿಗೆ ಒಂದು ಕಪ್ ಕಾಫಿ, ಮರುಗಳಿಗೆಗೆ ಡಬ್ಬಿ ಕಸ. ಆಕೆ ಚಮಚದ ಹಿಡಿಯಿಂದ ಮುಚ್ಚಳ ಸೀಳಿ ಒದ್ದೆ ಗಸಿಯನ್ನು ಬಕೆಟ್ಟಿಗೂ ಡಬ್ಬಿಯನ್ನು ಚೀಲಕ್ಕೂ ಹಾಕುತ್ತಾರೆ. ಕಾವಲುಗಾರನಿಂದ ಹಿಡಿದು ಇಲ್ಲಿ ಎಲ್ಲರಿಗೂ ಆಕೆ ‘ಚಮಚದಕ್ಕ’.

“ಕುಡಿಯೋದು ನಾಲ್ಕು ಗುಟುಕು. ಅದಕ್ಕೊಂದು ಡಬ್ಬಿ, ಡಬ್ಬಿಗೊಂದು ಮುಚ್ಚಳ. ಮೂಗಿಗಿಂತ ಮೂಗುತಿ ಭಾರ ಅನ್ನೋದು ಇದಕ್ಕೇ” ಎಂದು ನಗುತ್ತಾರೆ.

ಗಂಡ ಬೆನ್ನುನೋವಿನಿಂದ ಮನೆ ಹಿಡಿದಾಗ ಆಕೆ ಇಲ್ಲಿ ಗುಡಿಸಿ ಒರೆಸುವ ಕೆಲಸಕ್ಕೆ ಸೇರಿದರು. ಡಬ್ಬಿ ಸುಲಿಯಲು ಯಾರೂ ಹೇಳಿರಲಿಲ್ಲ. ಗಸಿ ತುಂಬಿದ ಡಬ್ಬಿಗಳನ್ನು ಗುಜರಿಯವನು ಬೇಡವೆಂದು ತಿರುಗಿಸಿ ಕಳಿಸಿದ ಮೇಲೆ, ಬಿಡಿಸಿ ತೊಳೆಯದಿದ್ದರೆ ಅವಕ್ಕೆ ಕಸದ ಗುಡ್ಡೆಯೇ ಗತಿ ಎಂದು ತಿಳಿಯಿತು. ಶುರುವಿನಲ್ಲಿ ಒಂದು ಎಡವಟ್ಟೂ ಆಯಿತು. ಒಳ್ಳೆಯ ಗೊಬ್ಬರವೆಂದು ಹಸಿ ಗಸಿಯನ್ನೆಲ್ಲ ಕಚೇರಿಯ ಹೂಕುಂಡಗಳಿಗೆ ಸುರಿದುಬಿಟ್ಟರು. ವಾರದೊಳಗೆ ಬೂಷ್ಟು ಹಿಡಿದು ಗಿಡಗಳು ಜೋಲುಮುಖ ಹಾಕಿದವು.

“ನಮ್ಮತ್ತೆ ನಕ್ಕಿದ್ದೇ ನಕ್ಕಿದ್ದು. ‘ಅಷ್ಟೊಂದು ಕಾಫಿ ಕುಡಿಸಿದ್ರೆ ಗಿಡಕ್ಕೆ ನಿದ್ದೆ ಬರುತ್ತೇನೇ?’ ಅಂದ್ರು.”

ಈಗ ಗಸಿಯನ್ನು ಕಚೇರಿಯ ತಾರಸಿಯಲ್ಲಿ ಒಣಗಿಸಿ, ತರಗೆಲೆಯ ಜೊತೆ ಕೊಳೆಸಿ ಗಿಡಗಳಿಗೆ ಹಾಕುತ್ತಾರೆ. ಅಲ್ಲಿ ಅವರ ಟೊಮೆಟೊ ಗಿಡಗಳು ಕಾಯಿ ಬಿಟ್ಟು ಬಾಗಿವೆ. ನನಗೂ ಎರಡು ಹಣ್ಣು ಸಿಕ್ಕವು, ಸುಳ್ಳು ಹೇಳುವುದಿಲ್ಲ.

ಕಳೆದ ತಿಂಗಳು ಮಾತ್ರ ಚಮಚವೂ ಸೋತಿತು. ಅಗ್ಗವೆಂದು ತರಿಸಿದ ಹೊಸ ಡಬ್ಬಿಗಳು ಪ್ಲಾಸ್ಟಿಕ್ಕಿನವು. ಮುಚ್ಚಳ ಬಿಡಿಸಲು ಬರುವುದಿಲ್ಲ, ಗುಜರಿಯವನು ಮುಟ್ಟುವುದಿಲ್ಲ. ಅವು ಬಕೆಟ್ಟುಗಟ್ಟಲೆ ಕಸದ ಲಾರಿ ಹತ್ತುವುದನ್ನು ನೋಡಿ ಅಕ್ಕ ಚಮಚ ಕೆಳಗಿಟ್ಟರು. ನೇರ ಮ್ಯಾನೇಜರ್ ಮೇಡಂ ಎದುರು ಹೋಗಿ ನಿಂತರು.

“ಒಂದು ವಾರ ಮಿಷನ್ ಆಫ್ ಮಾಡಿ ಮೇಡಂ. ದೊಡ್ಡ ಪಾತ್ರೇಲಿ ನಾನೇ ಕಾಫಿ ಮಾಡಿಡ್ತೀನಿ. ಯಾರೂ ಕುಡೀಲಿಲ್ಲ ಅಂದ್ರೆ ಮತ್ತೆ ಈ ವಿಷಯಕ್ಕೆ ಬಾಯಿ ಬಿಡಲ್ಲ.”

ಮೇಡಂ ಒಪ್ಪಿದರು. ಇವತ್ತು ಆ ವಾರದ ಕಡೆಯ ದಿನ. ಬೆಳಿಗ್ಗೆ ಸುಲಿದದ್ದು ಮೊದಲಿನಿಂದ ಸುಲಿಯದೆ ಉಳಿದಿದ್ದ ಅಲ್ಯೂಮಿನಿಯಂ ಡಬ್ಬಿಗಳನ್ನು. ಮೊದಲ ದಿನ ಪಾತ್ರೆಯ ಬಳಿ ಬಂದವನು ಕಾವಲುಗಾರ ಒಬ್ಬನೇ, ಅದೂ ಅಕ್ಕನ ಮುಖ ನೋಡಿ. ಮರುದಿನ ಲೆಕ್ಕದ ವಿಭಾಗದವರು ಮೂಗು ಮುರಿಯುತ್ತಲೇ ಬಂದು, ಎರಡನೇ ಸಲಕ್ಕೂ ಕಪ್ ಒಡ್ಡಿದರು. ಈಗ ಪಾತ್ರೆಯ ಮುಂದೆ ಸಾಲು. ಒಂದೇ ಮಹಡಿಯಲ್ಲಿದ್ದೂ ಮಾತಿಲ್ಲದವರು ಅಲ್ಲಿ ನಿಂತು ಹರಟುತ್ತಿದ್ದಾರೆ.

ಸಾಲಿನ ಕೊನೆಯಲ್ಲಿ ಮೇಡಂ. ಕಪ್ ತುಂಬಿಸಿಕೊಂಡು ಒಂದು ಗುಟುಕು ಕುಡಿಯುತ್ತಾರೆ. ಅಕ್ಕ ಸೌಟು ಹಿಡಿದೇ ನೋಡುತ್ತಾರೆ.

“ಮಿಷನ್ ವಾಪಸ್ ಕಳಿಸ್ತಿದ್ದೀವಿ ಅಕ್ಕ. ಆದ್ರೆ ಸಕ್ಕರೆ ಸ್ವಲ್ಪ ಕಮ್ಮಿ ಮಾಡಿ.”

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ನನ್ನತ್ತ ತಿರುಗುತ್ತಾರೆ. ಖುಷಿ ಮುಚ್ಚಿಡಲು ಬರುತ್ತಿಲ್ಲ.

“ಕೆಲಸ ಸಿಗ್ಲಿ ಅಂತ ಲೋಕವೆಲ್ಲ ಬೇಡ್ಕೊಳ್ಳುತ್ತೆ. ಸುಲಿಯೋ ಕೆಲಸ ಹೋಗ್ಲಿ ಅಂತ ಬೇಡ್ಕೊಂಡೋಳು ನಾನೊಬ್ಬಳೇ ಇರ್ಬೇಕು. ಹೋಯ್ತು ನೋಡಿ!”